ತಣ್ಣನೆಯ ಕ್ವಾರಿಯಲ್ಲಿ ಸ್ಕೂಬಾ ಡೈವಿಂಗ್: ಕೈ ಮರಗಟ್ಟುವ ಮೊದಲೇ ಮೇಲೆ ಬರುವುದು ಹೇಗೆ

ಕಲ್ಲು ತೆಗೆಯುವ ಕ್ವಾರಿಯಲ್ಲಿ ತಳ ಒಣಗಿರಲಿ ಅಂತ ಪಂಪು ಹಗಲೂ ರಾತ್ರಿ ಓಡುತ್ತಿರುತ್ತದೆ. ಕೆಲಸ ನಿಂತು ಪಂಪು ಬಂದ್ ಆದರೆ ಅಂತರ್ಜಲ ಒಸರಲು ಶುರುವಾಗುತ್ತದೆ. ಮಳೆ ನೀರೂ ಸೇರಿ ಹೊಂಡ ತುಂಬುತ್ತದೆ. ಅಲ್ಲಿ ಅಲೆಯಿಲ್ಲ, ಉಬ್ಬರವಿಳಿತವಿಲ್ಲ, ಸೆಳೆತವೂ ಇಲ್ಲ. ಚಳಿ ದೇಶಗಳಲ್ಲಿ ಡೈವಿಂಗ್ ಕಲಿಸುವವರು ಕ್ವಾರಿಗಳನ್ನು ಇಷ್ಟಪಡುವುದು ಇದಕ್ಕೇ. ಇಂಗ್ಲೆಂಡಿನ ಸ್ಟೋನಿ ಕೋವ್ ಒಂದು ಕಾಲಕ್ಕೆ ಗ್ರಾನೈಟ್ ಕ್ವಾರಿ ಆಗಿತ್ತು. 2000ದಲ್ಲಿ ಅಲ್ಲಿ ಸ್ಟಾನೆಗಾರ್ತ್ ಎಂಬ ಹಳೆಯ ಟಗ್ ದೋಣಿಯನ್ನು ಡೈವರ್‌ಗಳಿಗಾಗಿಯೇ ಮುಳುಗಿಸಿದರು. ಜರ್ಮನಿಯ ಹೆಮ್ಮೋರ್ ಕ್ವಾರಿ ಸುಮಾರು 60 ಮೀಟರ್ ಆಳವಿದೆ.

ಬೆಚ್ಚಗಿನ ಸಮುದ್ರದಲ್ಲಿ ಕಲಿತು ಸರ್ಟಿಫಿಕೇಟ್ ಪಡೆದವರಿಗೆ ಕ್ವಾರಿ ಒಂದು ದೊಡ್ಡ ಈಜುಕೊಳದ ಹಾಗೆ ಕಾಣುತ್ತದೆ. ಮೇಲಿನಿಂದ ನೋಡಿದರೆ ಹೌದು, ಹಾಗೇ ಇದೆ. ಆದರೆ ಹತ್ತು ಮೀಟರ್ ಕೆಳಗೆ ಹೋದರೆ ಲೆಕ್ಕವೇ ಬೇರೆ. ಚಳಿ ಅಲ್ಲಿ ನಿಮ್ಮ ಗಾಳಿ ತಿನ್ನುತ್ತದೆ, ಬೆರಳುಗಳನ್ನು ಕಟ್ಟಿಹಾಕುತ್ತದೆ, ಉಪಕರಣವನ್ನೇ ಹೆಪ್ಪುಗಟ್ಟಿಸುತ್ತದೆ. ಈ ಲೇಖನ ಅಂಥವರಿಗಾಗಿ. ಮೇಲೆ ಮಂಜುಗಡ್ಡೆ ಕಟ್ಟಿದ ನೀರಿನಲ್ಲಿ ಇಳಿಯುವ ವಿಷಯ ಇಲ್ಲಿ ಎತ್ತುವುದಿಲ್ಲ. ಅದಕ್ಕೆ ಬೇರೆಯದೇ ತರಬೇತಿ ಬೇಕು, ಮೇಲೆ ಹಗ್ಗ ಹಿಡಿದು ನಿಲ್ಲುವವರು ಬೇಕು.

ಮೊದಲು ಕ್ವಾರಿ ಆರಿಸಿ

ಡೈವಿಂಗ್‌ಗಾಗಿಯೇ ನಡೆಸುತ್ತಿರುವ ಕ್ವಾರಿಗೆ ಮಾತ್ರ ಹೋಗಿ. ಅಲ್ಲಿ ಇಳಿಯಲು ಮೆಟ್ಟಿಲು ಅಥವಾ ಇಳಿಜಾರು ಇರುತ್ತದೆ. ಆಳದ ನಕ್ಷೆ ಇರುತ್ತದೆ. ಆಮ್ಲಜನಕದ ಕಿಟ್ ಮತ್ತು ಅದನ್ನು ಬಳಸಲು ಬರುವ ಜನ ಇರುತ್ತಾರೆ. 6 ಮೀಟರ್ ಆಸುಪಾಸಿನಲ್ಲಿ ಅಭ್ಯಾಸಕ್ಕೆಂದು ಕಟ್ಟಿದ ವೇದಿಕೆಗಳೂ ಸಾಮಾನ್ಯ. ಯಾರೂ ನೋಡಿಕೊಳ್ಳದ ಹಾಳು ಕ್ವಾರಿಯಲ್ಲಿ ಇದ್ಯಾವುದೂ ಇಲ್ಲ. ಬದಲಿಗೆ ಸರಳುಗಳು, ಕೇಬಲ್‌ಗಳು, ಮುಳುಗಿದ ಮರಗಳು, ಮೀನು ಹಿಡಿಯುವ ದಾರ ಇವೆಲ್ಲ ಕಾದಿರುತ್ತವೆ. ಗೋಡೆ ನೆಟ್ಟಗೆ ಇದ್ದರೆ ಇಳಿಯುವುದು ಸುಲಭ, ಹತ್ತುವುದಕ್ಕೆ ದಾರಿಯೇ ಇರುವುದಿಲ್ಲ. ವೇಲ್ಸ್‌ನ ಡೊರೊಥಿಯಾ ಸ್ಲೇಟ್ ಕ್ವಾರಿ 100 ಮೀಟರಿಗಿಂತ ಆಳ. ಸೌಲಭ್ಯ ಏನೂ ಇಲ್ಲದ ಆ ಜಾಗದಲ್ಲಿ ಹಲವು ಡೈವರ್‌ಗಳು ಪ್ರಾಣ ಕಳೆದುಕೊಂಡಿದ್ದಾರೆ. ಆಳ ಕೈಗೆಟಕುವಂತಿದೆ ಅನ್ನೋದೇ ಅಂಥ ಜಾಗಗಳ ಅಪಾಯ.

ಹೊರಡುವ ಮೊದಲು ಫೋನ್ ಮಾಡಿ ಕೇಳಿ: ಈಗ 5, 10, 20 ಮೀಟರಿನಲ್ಲಿ ನೀರು ಎಷ್ಟು ಡಿಗ್ರಿ ಇದೆ? ಎಷ್ಟು ದೂರ ಕಾಣುತ್ತಿದೆ? ಕ್ವಾರಿ ಸಮುದ್ರ ಮಟ್ಟದಿಂದ ಎಷ್ಟು ಎತ್ತರದಲ್ಲಿದೆ? ಎತ್ತರ 300 ಮೀಟರ್ ದಾಟಿದರೆ ಡೈವಿಂಗ್ ಲೆಕ್ಕ ಬದಲಾಗುತ್ತದೆ. ನಿಮ್ಮ ಡೈವ್ ಕಂಪ್ಯೂಟರ್ (ಆಳ ನೋಡಿ ಎಷ್ಟು ಹೊತ್ತು ಇರಬಹುದೆಂದು ಲೆಕ್ಕ ಹಾಕುವ ಸಾಧನ) ಎತ್ತರವನ್ನು ತಾನೇ ಹಿಡಿಯುತ್ತದೋ, ಕೈಯಾರೆ ಹಾಕಬೇಕೋ ನೋಡಿಕೊಳ್ಳಿ. ಸಿಹಿನೀರಿನ ಸೆಟ್ಟಿಂಗ್ ಇದ್ದರೆ ಅದನ್ನೂ ಆಗಲೇ ಹಾಕಿಬಿಡಿ. ಬೇಸಿಗೆಯಲ್ಲಿ ನೀಲಿ-ಹಸಿರು ಪಾಚಿ ಎದ್ದಿದೆ ಎಂದರೆ ಆ ವಾರ ಬಿಟ್ಟುಬಿಡಿ.

ಕೆಳಗಿನ ನೀರಿನ ಸ್ವಭಾವ

ಸಿಹಿನೀರು ಎಲ್ಲಕ್ಕಿಂತ ಭಾರವಾಗುವುದು ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹಾಗಾಗಿ ಚಳಿಗಾಲ ಜೋರಾಗಿರುವ ಕಡೆ ಆ ನೀರು ತಳಕ್ಕೆ ಹೋಗಿ ಕೂರುತ್ತದೆ. ಬೇಸಿಗೆಯ ಬಿಸಿಲು ಮೇಲಿನ ಪದರವನ್ನಷ್ಟೇ ಕಾಯಿಸುತ್ತದೆ. ಮೇಲೆ 20 ಡಿಗ್ರಿ ಇರುವ ಕ್ವಾರಿಯ ಆಳದಲ್ಲಿ 6 ಡಿಗ್ರಿ ಇದ್ದರೆ ಆಶ್ಚರ್ಯವಿಲ್ಲ. ಇವೆರಡರ ನಡುವಿನ ಗಡಿಗೆ ಥರ್ಮೋಕ್ಲೈನ್ ಎನ್ನುತ್ತಾರೆ. ಕೆಲವೊಮ್ಮೆ ಅದು ಎಷ್ಟು ತೆಳುವಾಗಿರುತ್ತದೆ ಅಂದ್ರೆ, ಕೈ ಕೆಳಗೆ ಚಾಚಿದರೆ ಬೆರಳು ಚಳಿಯಲ್ಲಿ, ಮೊಣಕೈ ಬೆಚ್ಚಗೆ. ಗಡಿಯಲ್ಲಿ ನೀರು ಕಲಸಿ ದೃಶ್ಯ ನಡುಗಿದಂತೆ ಕಾಣುತ್ತದೆ. ಮಾಸ್ಕ್‌ಗೆ ಏನೋ ಆಯಿತು ಎಂದುಕೊಳ್ಳಬೇಡಿ.

ಹೀಗಾಗಿ ದಡದಲ್ಲಿ ಬಿಸಿಲಿದೆಯಲ್ಲ ಎಂದು ತೆಳು ಸೂಟ್ ಹಾಕುವುದು ತಪ್ಪು. ನೀವು ಹೋಗುವ ಅತಿ ಆಳದ ಜಾಗದ ತಾಪಮಾನಕ್ಕೆ ಸಜ್ಜಾಗಿ. ಶರತ್ಕಾಲದಲ್ಲಿ ಮೇಲಿನ ನೀರು ತಣ್ಣಗಾಗಿ ಮುಳುಗುತ್ತದೆ, ಇಡೀ ಕ್ವಾರಿ ಒಂದಕ್ಕೊಂದು ಬೆರೆಯುತ್ತದೆ. ವಸಂತದಲ್ಲೂ ಹೀಗೇ. ಪಾಚಿ ಕಡಿಮೆಯಾಗುವ ಚಳಿಗಾಲದಲ್ಲಿ ನೀರು ಜಾಸ್ತಿ ತಿಳಿಯಾಗಿರುವುದುಂಟು. ಒಳ್ಳೆ ನೋಟ ಬೇಕಾದರೆ ಚಳಿಯನ್ನೂ ಒಪ್ಪಿಕೊಳ್ಳಬೇಕು!

ರೆಗ್ಯುಲೇಟರ್: ದುಡ್ಡು ಇಲ್ಲಿ ಹಾಕಿ

ನನ್ನನ್ನು ಕೇಳಿದರೆ, ಇಡೀ ಸಲಕರಣೆಯಲ್ಲಿ ಯಾವುದಕ್ಕೂ ಜುಗ್ಗತನ ಮಾಡಿ, ಸಿಲಿಂಡರಿನ ಗಾಳಿಯ ಒತ್ತಡ ಇಳಿಸಿ ಬಾಯಿಗೆ ಕೊಡುವ ಈ ಉಪಕರಣವೊಂದಕ್ಕೆ ಮಾಡಬೇಡಿ.

ಸಿಲಿಂಡರಿನಲ್ಲಿ ಗಾಳಿ 200 ಬಾರ್ ಒತ್ತಡದಲ್ಲಿರುತ್ತದೆ (ದಡದಲ್ಲಿ ನಮ್ಮ ಸುತ್ತಲಿನ ಗಾಳಿಯ ಒತ್ತಡ ಸುಮಾರು 1 ಬಾರ್). ಸಿಲಿಂಡರಿನ ವಾಲ್ವಿಗೆ ಜೋಡಿಸುವ ಭಾಗ, ಅಂದರೆ ಫಸ್ಟ್ ಸ್ಟೇಜ್, ಅದನ್ನು ಒಮ್ಮೆಲೇ ಸುಮಾರು 10 ಬಾರ್‌ಗೆ ಇಳಿಸುತ್ತದೆ. ಹೀಗೆ ತಟ್ಟನೆ ಹಿಗ್ಗಿದ ಗಾಳಿ ಶೂನ್ಯ ಡಿಗ್ರಿಗಿಂತ ಎಷ್ಟೋ ಕೆಳಗೆ ತಣ್ಣಗಾಗುತ್ತದೆ. ಬೆಚ್ಚಗಿನ ಸಮುದ್ರದಲ್ಲಿ ಸುತ್ತಲಿನ ನೀರು ಲೋಹಕ್ಕೆ ಬಿಸಿ ಕೊಟ್ಟು ಇದನ್ನು ಸರಿದೂಗಿಸುತ್ತದೆ. 4 ಡಿಗ್ರಿ ನೀರಿನ ಬಳಿ ಕೊಡಲು ಬಿಸಿಯೇ ಇಲ್ಲ. ಸಮುದ್ರದ ನೀರು ಮೈನಸ್ 1.9ರ ಸುಮಾರಿಗೆ ಹೆಪ್ಪುಗಟ್ಟಿದರೆ, ಸಿಹಿನೀರು ಶೂನ್ಯದಲ್ಲೇ ಗಟ್ಟಿಯಾಗುತ್ತದೆ. ಸ್ಪ್ರಿಂಗ್ ಸುತ್ತ ಅಥವಾ ಬಾಯಲ್ಲಿ ಹಿಡಿಯುವ ಭಾಗವಾದ ಸೆಕೆಂಡ್ ಸ್ಟೇಜಿನ ಲಿವರ್ ಮೇಲೆ ಮಂಜು ಕಟ್ಟಿದರೆ ವಾಲ್ವ್ ತೆರೆದೇ ನಿಲ್ಲುತ್ತದೆ. ಗಾಳಿ ಭೋರ್ ಎಂದು ಹೊರಗೆ ನುಗ್ಗುತ್ತದೆ. ಇದೇ ಫ್ರೀ ಫ್ಲೋ. ಆಳದಲ್ಲಿ ಶುರುವಾದರೆ ಕೆಲವೇ ನಿಮಿಷಗಳಲ್ಲಿ ಸಿಲಿಂಡರ್ ಖಾಲಿ.

ಅದಕ್ಕೆ ತಣ್ಣೀರಿಗೆಂದೇ ಮಾಡಿದ, ಒಳಗೆ ನೀರು ಹೋಗದಂತೆ ಸೀಲ್ ಮಾಡಿದ ಫಸ್ಟ್ ಸ್ಟೇಜ್ ಬೇಕು. ಯುರೋಪಿನ ಇಎನ್ 250 ಮಾನದಂಡ ತಣ್ಣೀರು ಎನ್ನುವುದು 10 ಡಿಗ್ರಿಗಿಂತ ಕೆಳಗಿನ ನೀರಿಗೆ. ಉಪಕರಣದ ಮೇಲೆ 10 ಡಿಗ್ರಿಗಿಂತ ಹೆಚ್ಚು ಎಂಬ ಗುರುತು ಇದ್ದರೆ ಅದು ಕ್ವಾರಿಯ ಆಳಕ್ಕೆ ಆಗದು. ಬಾಡಿಗೆಗೆ ತರುವಾಗಲೂ ಇದನ್ನು ನೋಡಿಯೇ ತನ್ನಿ. ಸರ್ವಿಸ್ ಆಗಿ ವರ್ಷಗಳಾದ ರೆಗ್ಯುಲೇಟರ್ ಬೇಡ. ಸಿಲಿಂಡರಿನಲ್ಲಿ ತುಂಬಿಸುವ ಗಾಳಿ ಒಣಗಿರಬೇಕು, ತೇವ ಇದ್ದರೆ ಮಂಜು ಒಳಗೇ ಕಟ್ಟುತ್ತದೆ.

ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಎಂದರೆ ಒಂದೇ ಸಿಲಿಂಡರಿಗೆ ಎರಡು ವಾಲ್ವ್, ಎರಡು ಬೇರೆ ಬೇರೆ ಫಸ್ಟ್ ಸ್ಟೇಜ್. ಒಂದು ಹೆಪ್ಪುಗಟ್ಟಿದರೆ ಅದರ ವಾಲ್ವ್ ಮುಚ್ಚಿ ಇನ್ನೊಂದರಲ್ಲಿ ಉಸಿರಾಡಬಹುದು. ಕ್ವಾರಿಗೆ ಆಗಾಗ ಹೋಗುವವರು ಕೊನೆಗೆ ಬರುವುದು ಇದಕ್ಕೇ.

ಒಳ್ಳೆ ರೆಗ್ಯುಲೇಟರ್ ಇದ್ದರೂ ಬಳಸುವ ರೀತಿ ಸರಿಯಿರಬೇಕು. ಕೊರೆಯುವ ಗಾಳಿಯಲ್ಲಿ ದಡದ ಮೇಲೆ ನಿಂತು ಅದರಲ್ಲಿ ಉಸಿರಾಡುತ್ತಾ ಕೂರಬೇಡಿ. ಬಾಯಿಂದ ಬರುವ ಹವೆ ತೇವ, ಅದು ಒಳಗೆ ಹೋಗಿ ಹೆಪ್ಪುಗಟ್ಟುತ್ತದೆ. ಪರೀಕ್ಷಿಸಲೇಬೇಕಾದರೆ ಉಸಿರು ಒಳಗೆ ಎಳೆದುಕೊಳ್ಳಿ, ಹೊರಗೆ ಬಿಡುವಾಗ ಬಾಯಿಂದ ತೆಗೆಯಿರಿ. ಗಾಳಿಯನ್ನು ನೇರವಾಗಿ ಹೊರಬಿಡುವ ಪರ್ಜ್ ಬಟನ್ ಸುಮ್ನೆ ಒತ್ತಬೇಡಿ. ಬಿಸಿಡಿಗೆ, ಅಂದರೆ ತೇಲುವುದನ್ನು ಹೊಂದಿಸುವ ಜಾಕೆಟ್ಟಿಗೆ, ಗಾಳಿ ತುಂಬುವಾಗ ಚಿಕ್ಕ ಚಿಕ್ಕ ಒತ್ತು ಕೊಡಿ, ಆ ಕ್ಷಣ ಉಸಿರು ಎಳೆಯಬೇಡಿ. ಬಿಸಿಡಿ, ಡ್ರೈಸೂಟ್ (ಒಳಗೆ ನೀರು ಬಾರದ, ಗಾಳಿ ತುಂಬುವ ಸೂಟ್), ಉಸಿರು ಮೂರೂ ಒಟ್ಟಿಗೆ ಗಾಳಿ ಕೇಳಿದರೆ ಫಸ್ಟ್ ಸ್ಟೇಜ್ ಬೇಗ ಹೆಪ್ಪುಗಟ್ಟುತ್ತದೆ. ಏದುಸಿರು ಬರುವಷ್ಟು ಜೋರಾಗಿ ಕಾಲು ಬಡಿಯಲೂ ಬೇಡಿ.

ಸೂಟ್ ಮತ್ತು ಕೈಗವಸು

ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖ ಒಯ್ಯುತ್ತದೆ. 7 ಮಿಲಿಮೀಟರಿನ ವೆಟ್‌ಸೂಟ್ (ಒಳಗೆ ಸ್ವಲ್ಪ ನೀರು ಬಿಡುವ ಸೂಟ್) ಅಥವಾ ಅದಕ್ಕಿಂತ ಕಡಿಮೆ ನೀರು ಬಿಡುವ ಸೆಮಿಡ್ರೈ ಬೇಸಿಗೆಯಲ್ಲಿ ಥರ್ಮೋಕ್ಲೈನಿನ ಮೇಲೆ ಸಾಕಾಗುತ್ತದೆ. ಆದರೆ ವೆಟ್‌ಸೂಟಿನ ನಿಯೋಪ್ರೀನ್ ಬಟ್ಟೆಯ ತುಂಬ ಗಾಳಿಯ ಗುಳ್ಳೆಗಳು. ಆಳಕ್ಕೆ ಹೋದಂತೆ ಅವು ಕುಗ್ಗುತ್ತವೆ. ಹೆಚ್ಚು ಬೆಚ್ಚಗೆ ಬೇಕಾದ ಜಾಗದಲ್ಲೇ ಸೂಟ್ ತೆಳುವಾಗುತ್ತದೆ. 10 ಡಿಗ್ರಿಗಿಂತ ಕೆಳಗೆ ಹೋಗುವುದಿದ್ದರೆ ಡ್ರೈಸೂಟ್ ಹಾಕಿ.

ಡ್ರೈಸೂಟ್ ಹೊಸದಾಗಿದ್ದರೆ ಮೊದಲ ಪಾಠ ಕ್ವಾರಿಯಲ್ಲಿ ಬೇಡ. ಬೆಚ್ಚಗಿನ ಈಜುಕೊಳದಲ್ಲಿ ಶಿಕ್ಷಕರ ಜೊತೆ ಕಲಿಯಿರಿ. ಇಳಿಯುತ್ತಾ ಹೋದಂತೆ ಸೂಟ್ ಮೈಗೆ ಹಿಂಡುತ್ತದೆ, ಎದೆಯ ವಾಲ್ವ್ ಒತ್ತಿ ಸ್ವಲ್ಪ ಸ್ವಲ್ಪ ಗಾಳಿ ಸೇರಿಸಬೇಕು. ಏರುವಾಗ ಎಡತೋಳಿನ ವಾಲ್ವ್ ಮೂಲಕ ಬಿಡಬೇಕು. ತೋಳು ಮೇಲೆತ್ತದಿದ್ದರೆ ಗಾಳಿ ಹೊರಗೆ ಹೋಗದು, ಎಷ್ಟೇ ಗುಂಡಿ ಒತ್ತಿದರೂ. ಗಾಳಿ ಪಾದಕ್ಕೆ ಓಡಿ ತಲೆಕೆಳಗಾದರೆ ಮಂಡಿ ಮಡಚಿ ಚೆಂಡಿನಂತೆ ಸುತ್ತಿಕೊಂಡು ಒಂದು ಪಲ್ಟಿ ಹೊಡೆದು ನೆಟ್ಟಗಾಗಬೇಕು. ಇದು ಮೈಗೆ ಅಭ್ಯಾಸವಾಗುವ ತನಕ ಆಳಕ್ಕೆ ಹೋಗಬೇಡಿ. ಒಳಗೆ ಹತ್ತಿ ಬಟ್ಟೆ ಬೇಡ, ಬೆವರಿಗೆ ಒದ್ದೆಯಾದರೆ ಅದೇ ಚಳಿ ಕೊಡುತ್ತದೆ. ಉಣ್ಣೆ ಅಥವಾ ಫ್ಲೀಸ್ ಹಾಕಿ.

ಕೈಯ ಮಾತು ಬೇರೆಯೇ. ದೇಹ ಚಳಿಗೆ ಮೊದಲು ಬಿಟ್ಟುಕೊಡುವುದು ಕೈಕಾಲುಗಳನ್ನು, ರಕ್ತವನ್ನು ಎದೆಯ ಕಡೆ ಎಳೆದುಕೊಳ್ಳುತ್ತದೆ. ಬೆರಳು ಮರಗಟ್ಟಿದರೆ ಬಿಸಿಡಿಯ ಗುಂಡಿ ಸಿಗದು, ತೂಕದ ಬಕಲ್ ಬಿಚ್ಚಲಾಗದು, ಜೊತೆಗಾರನ ಆಕ್ಟೋಪಸ್ (ಇನ್ನೊಬ್ಬರಿಗೆ ಕೊಡಲೆಂದು ಇರುವ ಹೆಚ್ಚುವರಿ ಸೆಕೆಂಡ್ ಸ್ಟೇಜ್) ಹಿಡಿಯಲಾಗದು. ನೀವು ಕಲಿತ ಯಾವ ತುರ್ತು ಪಾಠಕ್ಕೂ ಕೈ ಬೇಕೇ ಬೇಕು, ಅಲ್ವಾ? 5 ಮಿಲಿಮೀಟರಿಗಿಂತ ತೆಳು ಕೈಗವಸು ಬೇಡ. ಮೂರು ಬೆರಳಿನದು ಇನ್ನೂ ಬೆಚ್ಚಗೆ. ಡ್ರೈಸೂಟಿಗೆ ಜೋಡಿಸುವ ಒಣ ಕೈಗವಸು ಇದ್ದರೆ ಉತ್ತಮ. ಏನೇ ಹಾಕಿ, ದಡದಲ್ಲೇ ಅದನ್ನು ಹಾಕಿಕೊಂಡು ಎಲ್ಲ ಬಕಲ್, ಕ್ಲಿಪ್, ಗುಂಡಿಗಳನ್ನು ಕಣ್ಣು ಮುಚ್ಚಿ ಬಿಚ್ಚಿ ಹಾಕಿ ನೋಡಿ. ತಲೆಗೆ ದಪ್ಪ ಹುಡ್ ಮರೆಯಬೇಡಿ.

ತೂಕ

ಸಿಹಿನೀರು ಸಮುದ್ರದ ನೀರಿಗಿಂತ ಸುಮಾರು 2.5 ಶೇಕಡಾ ಹಗುರ. ನೀವು ಮತ್ತು ಸಲಕರಣೆ ಸೇರಿ 100 ಕಿಲೋ ಇದ್ದರೆ, ಅದೇ ಸೂಟಿಗೆ ಸಮುದ್ರಕ್ಕಿಂತ ಎರಡೂವರೆ ಕಿಲೋದಷ್ಟು ಕಡಿಮೆ ಸೀಸ ಸಾಕು. ಆದರೆ ದಪ್ಪ ಸೂಟಿಗೆ ಜಾಸ್ತಿ ತೂಕ ಬೇಕು. ಹಾಗಾಗಿ ಹಳೆ ಲೆಕ್ಕ ನಂಬಬೇಡಿ, ನೀರಿನಲ್ಲೇ ಪರೀಕ್ಷಿಸಿ. ಸಿಲಿಂಡರಿನಲ್ಲಿ ಸುಮಾರು 50 ಬಾರ್ ಉಳಿದಿರುವಾಗ, ಬಿಸಿಡಿ ಖಾಲಿ ಇರುವಾಗ, 5 ಮೀಟರಿನಲ್ಲಿ ಅಲುಗಾಡದೆ ನಿಲ್ಲಲು ಆಗಬೇಕು. ತುಂಬಿದ ಸಿಲಿಂಡರಿನಲ್ಲಿ ಪರೀಕ್ಷಿಸಿದರೆ ಅದರೊಳಗಿನ ಗಾಳಿಯ ತೂಕ, ಅಂದರೆ ಎರಡರಿಂದ ಮೂರು ಕಿಲೋ, ಲೆಕ್ಕ ತಪ್ಪಿಸುತ್ತದೆ.

ತೂಕ ಜಾಸ್ತಿಯಾದರೆ ಕಾಲು ಕೆಳಗೆ ಬೀಳುತ್ತದೆ, ಫಿನ್ ಹೂಳು ಎಬ್ಬಿಸುತ್ತದೆ. ಕ್ವಾರಿಯ ಹೂಳು ನುಣುಪು, ಹರಿವಿಲ್ಲದ ನೀರಿನಲ್ಲಿ ಅದು ತೇಲುತ್ತಲೇ ಇರುತ್ತದೆ. ನಿಮ್ಮ ಹಿಂದೆ ಬರುವವರಿಗೆ ಆ ದಿನದ ನೋಟ ಹಾಳು.

ಗಾಳಿಯ ಲೆಕ್ಕ, ಪೆನ್ನು ಹಿಡಿದು

20 ಡಿಗ್ರಿಯ ಕೋಣೆಯಲ್ಲಿ 200 ಬಾರ್ ತೋರಿಸಿದ ಸಿಲಿಂಡರ್ 5 ಡಿಗ್ರಿ ನೀರಿಗಿಳಿದರೆ ಒಂದು ಉಸಿರನ್ನೂ ಎಳೆಯದೆ ಸುಮಾರು 190ಕ್ಕೆ ಇಳಿಯುತ್ತದೆ. ಸೋರಿಕೆ ಇಲ್ಲ, ಗಾಳಿ ತಣ್ಣಗಾದ ಪರಿಣಾಮ ಅಷ್ಟೇ. ಜೊತೆಗೆ ಚಳಿಯಲ್ಲಿ ಉಸಿರಾಟ ಹೆಚ್ಚುತ್ತದೆ.

ತುರ್ತಿಗೆ ಎಷ್ಟು ಉಳಿಸಬೇಕು? 12 ಲೀಟರಿನ ಸಿಲಿಂಡರ್, 20 ಮೀಟರ್ ಆಳ ಎಂದಿಟ್ಟುಕೊಳ್ಳಿ. ಗಾಬರಿಯಾದ ಇಬ್ಬರು ಒಂದೇ ಸಿಲಿಂಡರಿನಿಂದ ನಿಮಿಷಕ್ಕೆ 30 ಲೀಟರಿನಂತೆ ಒಟ್ಟು 60 ಲೀಟರ್ ಎಳೆಯುತ್ತಾರೆ. ಕೆಳಗೆ ಒಂದು ನಿಮಿಷ ಸುಧಾರಿಸಿಕೊಳ್ಳಲು 3 ಬಾರ್ ಒತ್ತಡದಲ್ಲಿ 180 ಲೀಟರ್. ನಿಮಿಷಕ್ಕೆ 9 ಮೀಟರಿನಂತೆ ಏರಲು ಸುಮಾರು ಎರಡೂವರೆ ನಿಮಿಷ, ಸರಾಸರಿ 2 ಬಾರ್, 300 ಲೀಟರ್. ದೇಹದ ಸಾರಜನಕ ಹೊರಹೋಗಲೆಂದು 5 ಮೀಟರಿನಲ್ಲಿ 3 ನಿಮಿಷ ನಿಲ್ಲಲು, 1.5 ಬಾರ್‌ನಲ್ಲಿ, 270 ಲೀಟರ್. ಒಟ್ಟು 750 ಲೀಟರ್. 12ರಿಂದ ಭಾಗಿಸಿದರೆ 63 ಬಾರ್. ನೀವು 70 ಎಂದಿಟ್ಟುಕೊಳ್ಳಿ. ಗೇಜ್ 70 ತೋರಿಸುವಾಗ ಆಳದಿಂದ ಏರಲು ಶುರು ಮಾಡಿರಬೇಕು. 50 ಬಾರ್ ಉಳಿಸಿ ದಡ ಸೇರುವ ಬೆಚ್ಚಗಿನ ನೀರಿನ ರೂಢಿ ಇಲ್ಲಿ ಸಾಲದು.

ಇಳಿಯುವ ದಿನ

ಬೆಳಿಗ್ಗೆ ಚೆನ್ನಾಗಿ ತಿನ್ನಿ, ನೀರು ಕುಡಿಯಿರಿ. ಚಳಿಯಲ್ಲಿ ಮೂತ್ರ ಜಾಸ್ತಿ ಬರುತ್ತದೆ, ಅದಕ್ಕೆ ಹೆದರಿ ನೀರು ಬಿಡುವವರಿದ್ದಾರೆ. ಹಾಗೆ ಮಾಡಬೇಡಿ, ಡ್ರೈಸೂಟಿನ ಜಿಪ್ ಎಳೆಯುವ ಕೊನೆಯ ಗಳಿಗೆಯಲ್ಲಿ ಒಮ್ಮೆ ಹೋಗಿ ಬನ್ನಿ, ಸಾಕು. ಸೂಟ್ ಹಾಕಿಕೊಂಡು ಬಿಸಿಲಲ್ಲಿ ಬೆವರುತ್ತಾ ನಿಲ್ಲಬೇಡಿ. ಸಿಲಿಂಡರ್, ರೆಗ್ಯುಲೇಟರ್ ಎಲ್ಲ ಸಿದ್ಧ ಮಾಡಿದ ಮೇಲಷ್ಟೇ ಸೂಟ್.

ಜೊತೆಗಾರನ ಜೊತೆ ನಾಲ್ಕು ವಿಷಯ ಗಟ್ಟಿಯಾಗಿ ಹೇಳಿಕೊಳ್ಳಿ: ಎಷ್ಟು ಆಳ, ಎಷ್ಟು ಹೊತ್ತು, ಎಷ್ಟು ಬಾರ್‌ಗೆ ತಿರುಗುವುದು, ಚಳಿಯಾದರೆ ಯಾವ ಸನ್ನೆ. ಇಬ್ಬರಲ್ಲಿ ಯಾರಿಗೆ ಚಳಿ ಹತ್ತಿದರೂ ಇಬ್ಬರೂ ಏರಬೇಕು, ಇದರಲ್ಲಿ ಚರ್ಚೆಯಿಲ್ಲ. ಆಳವಿಲ್ಲದಿದ್ದರೂ ಇಬ್ಬರಿಗೂ ಟಾರ್ಚ್ ಇರಲಿ.

ನೀರಿಗೆ ದುಮುಕಬೇಡಿ. ಮೈಗೆ ಒಮ್ಮೆಲೇ ತಣ್ಣೀರು ಬಡಿದರೆ ಉಸಿರು ತಾನಾಗಿ ಏದುಸಿರಾಗುತ್ತದೆ, ಎದೆ ಬಡಿತ ಏರುತ್ತದೆ. ಸೊಂಟದ ತನಕ ಇಳಿದು ಕೈಯಿಂದ ಮುಖಕ್ಕೆ ನೀರು ಹಾಕಿಕೊಳ್ಳಿ, ಒಂದೆರಡು ನಿಮಿಷ ಉಸಿರು ಹದಕ್ಕೆ ಬರಲಿ. ಹೃದಯ ಅಥವಾ ರಕ್ತದೊತ್ತಡದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ತಣ್ಣೀರಿಗೆ ಇಳಿಯಲೇಬಾರದು. ರೆಗ್ಯುಲೇಟರಿನ ಮೊದಲ ಪೂರ್ತಿ ಉಸಿರು ನೀರಿನೊಳಗೇ ಆಗಲಿ. 5 ಮೀಟರಿನಲ್ಲಿ ನಿಂತು ಗುಳ್ಳೆ ಸೋರುತ್ತಿದೆಯಾ ಎಂದು ಪರಸ್ಪರ ನೋಡಿಕೊಂಡು ಮುಂದೆ ಹೋಗಿ.

ಮೊದಲ ಸಲಕ್ಕೆ ಥರ್ಮೋಕ್ಲೈನಿನ ಮೇಲೇ ಇರಿ. ನೋಡಲು ಅಲ್ಲೂ ಬೇಕಾದಷ್ಟು ಇರುತ್ತದೆ: ಮುಳುಗಿಸಿದ ಬಸ್ಸು, ಮರದ ಬೇರುಗಳ ನಡುವೆ ಪರ್ಚ್ ಮೀನು, ಸುಮ್ಮನೆ ನಿಂತ ಪೈಕ್ ಮೀನು. ಬೇಸಿಗೆಯ ಕೊನೆಗೆ ಅದೃಷ್ಟವಿದ್ದರೆ ನಾಣ್ಯದಷ್ಟು ಚಿಕ್ಕ ಸಿಹಿನೀರಿನ ಜೆಲ್ಲಿಮೀನುಗಳು ಗುಂಪುಗುಂಪಾಗಿ ಸಿಗುತ್ತವೆ. ಮುಳುಗಿದ ವಾಹನದ ಒಳಗೆ ಮಾತ್ರ ನುಗ್ಗಬೇಡಿ. ಕಾಲನ್ನು ಮೇಲೆ ಕೆಳಗೆ ಬಡಿಯದೆ ಕಪ್ಪೆಯಂತೆ ಪಕ್ಕಕ್ಕೆ ತಳ್ಳಿ, ಹೂಳು ಏಳುವುದಿಲ್ಲ.

ಐದು ನಿಮಿಷಕ್ಕೊಮ್ಮೆ ಹೆಬ್ಬೆರಳನ್ನು ಕಿರುಬೆರಳಿಗೆ ಮುಟ್ಟಿಸಿ ನೋಡಿ. ಮುಟ್ಟಿಸಲು ಕಷ್ಟವಾದ ಕ್ಷಣವೇ ಡೈವ್ ಮುಗಿಯಿತು. ಮೂರು ಬೆರಳಿನ ಕೈಗವಸು ಹಾಕಿದ್ದರೆ ಒಂದು ಕ್ಲಿಪ್ ಬಿಚ್ಚಿ ಹಾಕಿ ನೋಡಿ. ನಡುಕ ಬರುವ ತನಕ ಕಾಯುವುದು ಬೇಡ. ನಡುಕ ಬಂದಾಗ ತಡವಾಗಿರುತ್ತದೆ. ಕಾರಣವಿಲ್ಲದೆ ಏದುಸಿರು, ಕೆಮ್ಮು ಬಂದರೆ ಶ್ವಾಸಕೋಶದಲ್ಲಿ ನೀರು ಸೇರುತ್ತಿರಬಹುದು, ತಣ್ಣೀರು ಮತ್ತು ಬಿಗಿ ಸೂಟಿನಲ್ಲಿ ಇದು ಆಗುವುದುಂಟು. ಕೂಡಲೇ ಏರಿ, ದಡ ಸೇರಿ, ಆಮ್ಲಜನಕ ಕೇಳಿ, ಆಸ್ಪತ್ರೆಗೆ ಹೋಗಿ.

ಫ್ರೀ ಫ್ಲೋ ಆದರೆ

ಸದ್ದು ಭಯಂಕರ, ಮುಖದ ಸುತ್ತ ಗುಳ್ಳೆಯೋ ಗುಳ್ಳೆ, ಏನೂ ಕಾಣದು. ಆದರೂ ನೆನಪಿಡಿ, ಗಾಳಿ ಬರುತ್ತಿದೆ. ತುಟಿ ಬಿಗಿಹಿಡಿಯಬೇಡಿ. ರೆಗ್ಯುಲೇಟರನ್ನು ಬಾಯಿಯ ಒಂದು ಬದಿಗೆ ಸಡಿಲವಾಗಿ ಹಿಡಿದು, ಬೇಕಾದಷ್ಟೇ ಹೀರಿ, ಉಳಿದದ್ದು ಹೊರಗೆ ಹೋಗಲಿ. ಜೊತೆಗಾರನಿಗೆ ಸನ್ನೆ ಮಾಡಿ, ಅವರ ಆಕ್ಟೋಪಸ್ ತೆಗೆದುಕೊಳ್ಳಿ. ಆಮೇಲೆ ಅವರು ನಿಮ್ಮ ಸಿಲಿಂಡರಿನ ವಾಲ್ವ್ ಮುಚ್ಚಲಿ. ತೋಳು ಹಿಡಿದುಕೊಂಡು ಮಾಮೂಲಿ ವೇಗದಲ್ಲೇ ಏರಿ. ಈಗ ಇಬ್ಬರ ಉಸಿರೂ ಒಂದೇ ಫಸ್ಟ್ ಸ್ಟೇಜಿನಲ್ಲಿ ಓಡುತ್ತಿದೆ. ಅದೂ ಹೆಪ್ಪುಗಟ್ಟಬಹುದು, ಹಾಗಾಗಿ ಕೆಳಗೆ ತಡ ಮಾಡಬೇಡಿ, ಉಸಿರು ನಿಧಾನವಾಗಿರಲಿ. ಮೇಲೆ ಬಂದು ತೂಕ ಬಿಡಬೇಕಾದರೆ ಬಿಡಿ, ಬಿಸಿಡಿಗೆ ಬಾಯಿಂದ ಊದಿ. ವಾಲ್ವ್ ಮುಚ್ಚಿದ ಮೇಲೆ ಮಂಜು ಕರಗಿ ರೆಗ್ಯುಲೇಟರ್ ಸರಿಹೋದ ಹಾಗೆ ಕಾಣುತ್ತದೆ. ನಂಬಿ ಮತ್ತೆ ಇಳಿಯಬೇಡಿ.

ಇದೆಲ್ಲ ಆಗಬೇಕಾದರೆ ಜೊತೆಗಾರ ಕೈಗೆಟಕುವ ದೂರದಲ್ಲಿರಬೇಕು. ಎರಡು ಮೀಟರ್ ದಾಟಬಾರದು. ಪ್ರತಿ ಸೀಸನ್ನಿನ ಮೊದಲ ಡೈವಿನಲ್ಲಿ ಆಳವಿಲ್ಲದ ವೇದಿಕೆಯ ಮೇಲೆ ಆಕ್ಟೋಪಸ್ ಬದಲಾಯಿಸುವುದನ್ನು ಕೈಗವಸು ಹಾಕಿಕೊಂಡೇ ಅಭ್ಯಾಸ ಮಾಡಿ.

ಏರುವಾಗ ಮತ್ತು ಆಮೇಲೆ

ಬೇಸಿಗೆಯಲ್ಲಿ 5 ಮೀಟರಿನ ನಿಲುಗಡೆ ಬೆಚ್ಚಗಿನ ಪದರದಲ್ಲೇ ಸಿಗುತ್ತದೆ, ಹಾಯೆನಿಸುತ್ತದೆ. ದೇಹಕ್ಕೂ ಅದು ಒಳ್ಳೆಯದು. ಅಮೆರಿಕದ ನೌಕಾಪಡೆ ನಡೆಸಿದ ಪ್ರಯೋಗದಲ್ಲಿ, ತಳದಲ್ಲಿ ಬೆಚ್ಚಗಿದ್ದು ಏರುವಾಗ ತಣ್ಣಗಾದ ಡೈವರ್‌ಗಳಿಗೆ ಡಿಕಂಪ್ರೆಷನ್ ಕಾಯಿಲೆ (ದೇಹದಲ್ಲಿ ಕರಗಿದ ಸಾರಜನಕ ಏರುವಾಗ ಗುಳ್ಳೆಯಾಗಿ ಬರುವ ಕಾಯಿಲೆ) ಹೆಚ್ಚು ಕಾಡಿತು. ಬೆಚ್ಚಗೆ ರಕ್ತ ಓಡುವ ದೇಹ ತಳದಲ್ಲಿ ಸಾರಜನಕ ಜಾಸ್ತಿ ಹೀರುತ್ತದೆ, ಆಮೇಲೆ ಚಳಿಗೆ ರಕ್ತನಾಳ ಕುಗ್ಗಿದರೆ ಅದು ಹೊರಗೆ ಹೋಗುವುದು ನಿಧಾನವಾಗುತ್ತದೆ. ಬ್ಯಾಟರಿಯ ಹೀಟಿಂಗ್ ಬನಿಯನ್ ಹಾಕುವವರು ಇದನ್ನು ಗಮನಿಸಿ: ತಳದಲ್ಲಿ ಪೂರ್ತಿ ಉರಿಸಿ, ಏರುವಾಗ ಬ್ಯಾಟರಿ ಮುಗಿದರೆ ಅದು ಹಾಕದೇ ಇರುವುದಕ್ಕಿಂತ ಕೆಟ್ಟದ್ದು. ಚಳಿಯ ಡೈವಿನಲ್ಲಿ ಕಂಪ್ಯೂಟರಿನ ಮಿತಿಯ ತುದಿಗೆ ಹೋಗದೆ, ಹತ್ತು ನಿಮಿಷ ಮುಂಚೆಯೇ ಏರಿ.

ದಡದಲ್ಲಿ ಮೊದಲು ಒದ್ದೆ ಹುಡ್ ತೆಗೆದು ಒಣ ಟೋಪಿ ಹಾಕಿ, ಗಾಳಿ ಬೀಸದ ಜಾಗಕ್ಕೆ ಹೋಗಿ. ಬಿಸಿಯಾಗಿ ಏನಾದರೂ ಕುಡಿಯಿರಿ, ಮದ್ಯ ಬೇಡ. ಕೂಡಲೇ ಬಿಸಿನೀರಿನ ಸ್ನಾನ ಬೇಡ. ಚರ್ಮದ ರಕ್ತನಾಳ ಒಮ್ಮೆಲೇ ಹಿಗ್ಗಿ ತಲೆ ಸುತ್ತಬಹುದು, ಬಿಸಿಯಾದ ಅಂಗಾಂಶದಲ್ಲಿ ಗುಳ್ಳೆ ಏಳುವ ಸಾಧ್ಯತೆಯೂ ಇದೆ. ಸಿಲಿಂಡರ್ ಎತ್ತಿ ಹತ್ತುವ ಕೆಲಸ ಸ್ವಲ್ಪ ಹೊತ್ತು ತಡೆಯಲಿ. ಜೊತೆಗಾರ ಮಾತು ತೊದಲಿದರೆ, ಎಡವಿದರೆ, ನಡುಗುತ್ತಿದ್ದವರು ಬೆಚ್ಚಗಾಗದೆಯೇ ನಡುಗುವುದು ನಿಲ್ಲಿಸಿದರೆ ತಕ್ಷಣ ಆಂಬುಲೆನ್ಸ್ ಕರೆಯಿರಿ. ನಡುಕ ನಿಂತಿತು ಅಂತ ಸಮಾಧಾನ ಪಡಬೇಡಿ, ಅದು ಕೆಟ್ಟ ಲಕ್ಷಣ.

ಎರಡನೇ ಡೈವ್ ಇದ್ದರೆ ಮೈ ಪೂರ್ತಿ ಬೆಚ್ಚಗಾಗಿರಬೇಕು, ರೆಗ್ಯುಲೇಟರ್ ಒಣಗಿರಬೇಕು. ಒದ್ದೆಯಾಗಿ ಚಳಿಗಾಳಿಯಲ್ಲಿ ಬಿಟ್ಟ ರೆಗ್ಯುಲೇಟರ್ ನೀರಿಗಿಳಿಯುವ ಮೊದಲೇ ಹೆಪ್ಪುಗಟ್ಟಿರುತ್ತದೆ. ಅದನ್ನು ಬೆಚ್ಚಗಿನ ಕಾರಿನಲ್ಲೋ ಕೋಣೆಯಲ್ಲೋ ಇಡಿ.

ಮನೆಗೆ ಬಂದ ಮೇಲೆ ಎಲ್ಲವನ್ನೂ ತೊಳೆದು, ಬಿಸಿಡಿಯ ಒಳಗಿನ ನೀರು ಬಸಿದು, ಪೂರ್ತಿ ಒಣಗಿಸಿ. ಉಪ್ಪಿಲ್ಲವಲ್ಲ, ತೊಳೆಯೋದೇನು ಅನ್ನಬೇಡಿ. ಜೀಬ್ರಾ ಮಸಲ್ ಎಂಬ ಚಿಪ್ಪುಜೀವಿಯ ಮರಿಗಳು ಬರಿಗಣ್ಣಿಗೆ ಕಾಣದಷ್ಟು ಚಿಕ್ಕವು. ಒಂದು ಕ್ವಾರಿಯ ಒದ್ದೆ ಸೂಟಿನಲ್ಲಿ ಸವಾರಿ ಮಾಡಿ ಇನ್ನೊಂದು ನೀರಿಗೆ ಹೋಗಿ ನೆಲೆಯೂರುತ್ತವೆ. ಒಮ್ಮೆ ಬಂದರೆ ಅವನ್ನು ತೆಗೆಯುವುದು ಬಹಳ ಕಷ್ಟ. ಬೇರೆ ಕ್ವಾರಿಗೆ ಹೋಗುವ ಮೊದಲು ಸೂಟಿನ ಮಡಿಕೆ, ಬೂಟಿನ ಒಳಗು, ಕೈಗವಸಿನ ಬೆರಳು ಎಲ್ಲ ಒಣಗಿದೆಯಾ ಎಂದು ಮುಟ್ಟಿ ನೋಡಿ. ಡ್ರೈಸೂಟಿನ ಜಿಪ್‌ಗೆ ಮೇಣ ಹಚ್ಚುವುದನ್ನೂ ಆಗಲೇ ಮುಗಿಸಿ.